ಮಾಂಟ್ಸೆರಾಟ್ ದ್ವೀಪ: ಭೂಗೋಳ, ಜನಜೀವನ ಮತ್ತು ಆಡಳಿತ

ಮಾಂಟ್ಸೆರಾಟ್ ಕೆರಿಬಿಯನ್ ಸಮುದ್ರದ ಪೂರ್ವದಂಚಿನಲ್ಲಿರುವ, ಬ್ರಿಟನ್ನಿನ ಅಧೀನಕ್ಕೊಳಪಟ್ಟ ಒಂದು ಪುಟ್ಟ ದ್ವೀಪವಾಗಿರುತ್ತದೆ. ಇದರ ವಿಸ್ತೀರ್ಣ 102 ಚದರ ಕಿಲೋಮೀಟರ್. ಕಾನೂನಿನ ಪ್ರಕಾರ ಇದರ ರಾಜಧಾನಿ ಪ್ಲಿಮತ್. ಆದರೆ ಪ್ಲಿಮತ್ ಪಟ್ಟಣದಲ್ಲಿ 1996ರ ಏಪ್ರಿಲ್ ತಿಂಗಳಿಂದೀಚೆಗೆ ಯಾರೂ ವಾಸಿಸುತ್ತಿಲ್ಲ. ಸೂಫ್ರಿಯೇರ್ ಹಿಲ್ಸ್ ಎಂಬ ಜ್ವಾಲಾಮುಖಿಯ ಬೂದಿ ಮತ್ತು ಕೆಸರಿನಡಿಯಲ್ಲಿ ಆ ಪಟ್ಟಣವು ಹೂತುಹೋಗಿದೆ. ಸರ್ಕಾರದ ಕಚೇರಿಗಳು ದ್ವೀಪದ ಉತ್ತರ ಭಾಗದಲ್ಲಿರುವ ಬ್ರೇಡ್ಸ್ ಎಂಬ ಊರಿನಿಂದ ಕಾರ್ಯ ನಿರ್ವಹಿಸುತ್ತಿವೆ. ನೆಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನೂ ಜನರಲ್ಲಿ ಮೂರನೇ ಎರಡು ಪಾಲನ್ನೂ ಕಳೆದುಕೊಂಡ ಒಂದು ಪ್ರದೇಶವು ತನ್ನ ಶಾಸನ ಸಭೆ, ನ್ಯಾಯಾಲಯ, ಖಜಾನೆ ಮತ್ತು ಶಾಲೆಗಳನ್ನು ಉಳಿಸಿಕೊಂಡು ಬಂದ ಬಗೆಯು ಆಡಳಿತದಲ್ಲಿ ಆಸಕ್ತಿಯುಳ್ಳವರೆಲ್ಲರೂ ತಿಳಿಯತಕ್ಕ ವಿಷಯವಾಗಿದೆ. ಆದುದರಿಂದ ಈ ಲೇಖನದಲ್ಲಿ ಇತರ ಅಂಶಗಳಿಗಿಂತ ಆ ಭಾಗಕ್ಕೆ ಹೆಚ್ಚು ಸ್ಥಳವನ್ನು ನೀಡಲಾಗಿದೆ.

ಸ್ಥಾನ ಮತ್ತು ಭೂಸ್ವರೂಪ

ಈ ದ್ವೀಪವು ಲೆಸ್ಸರ್ ಆಂಟಿಲೀಸ್ ದ್ವೀಪಮಾಲೆಯ ಲೀವರ್ಡ್ ಗುಂಪಿಗೆ ಸೇರಿದೆ. ಆಂಟಿಗುವಾ ದ್ವೀಪವು ಈಶಾನ್ಯಕ್ಕೆ ಸುಮಾರು 43 ಕಿಲೋಮೀಟರ್ ದೂರದಲ್ಲಿದೆ. ವಾಯವ್ಯಕ್ಕೆ ನೀವಿಸ್, ಆಗ್ನೇಯಕ್ಕೆ ಫ್ರಾನ್ಸಿಗೆ ಸೇರಿದ ಗ್ವಾಡಲೂಪ್ ಇವೆ. ದ್ವೀಪದ ಉದ್ದ ಸುಮಾರು 16 ಕಿಲೋಮೀಟರ್, ಅಗಲ ಸುಮಾರು 11 ಕಿಲೋಮೀಟರ್. ಭಾರತೀಯ ಕಾಲಮಾನಕ್ಕಿಂತ ಇಲ್ಲಿನ ಗಡಿಯಾರ ಒಂಬತ್ತೂವರೆ ಗಂಟೆ ಹಿಂದಿರುತ್ತದೆ.

ದ್ವೀಪದ ಬೆನ್ನೆಲುಬಾಗಿ ಉತ್ತರದಿಂದ ದಕ್ಷಿಣಕ್ಕೆ ಮೂರು ಬೆಟ್ಟಸಾಲುಗಳಿದ್ದು, ಮೂರೂ ಜ್ವಾಲಾಮುಖಿಯಿಂದಲೇ ಹುಟ್ಟಿದವು. ಉತ್ತರದ ಸಿಲ್ವರ್ ಹಿಲ್ಸ್ ಅತ್ಯಂತ ಹಳೆಯದು, ಒಣ ಕುರುಚಲು ಗಿಡಗಳಿಂದ ಕೂಡಿದ್ದು ತಗ್ಗಾಗಿದೆ. ನಡುವಿನ ಸೆಂಟರ್ ಹಿಲ್ಸ್ ದಟ್ಟ ಕಾಡಿನಿಂದ ಆವೃತವಾಗಿದ್ದು ದ್ವೀಪದ ಕುಡಿಯುವ ನೀರಿನ ಮೂಲವಾಗಿದೆ. ದಕ್ಷಿಣದ ಸೂಫ್ರಿಯೇರ್ ಹಿಲ್ಸ್ ಈಗಲೂ ಜೀವಂತವಾಗಿರುವ ಜ್ವಾಲಾಮುಖಿ. 1995ಕ್ಕೆ ಮುಂಚೆ ಇದರ ಚಾನ್ಸಸ್ ಪೀಕ್ ಎಂಬ ಶಿಖರವು 915 ಮೀಟರ್ ಎತ್ತರವಿದ್ದು ದ್ವೀಪದ ಅತಿ ಎತ್ತರದ ಸ್ಥಳವಾಗಿತ್ತು. ಅನಂತರ ಬೆಳೆದ ಲಾವಾ ಗುಮ್ಮಟವು ಅದನ್ನು ಮೀರಿ ಒಂದು ಸಾವಿರ ಮೀಟರನ್ನು ದಾಟಿತು. ಗುಮ್ಮಟದಿಂದ ಉರುಳಿದ ಕಲ್ಲು ಮತ್ತು ಬೂದಿಯು ಪೂರ್ವ ಕರಾವಳಿಯಲ್ಲಿ ಸಮುದ್ರವನ್ನು ತುಂಬಿದ್ದರಿಂದ ಅಲ್ಲಿ ಹೊಸ ನೆಲವೂ ಮೂಡಿದೆ. ಹೀಗೆ ದೊರೆತ ನೆಲದಲ್ಲಿ ಯಾರೂ ಕಾಲಿಡುವಂತಿಲ್ಲ ಎಂಬುದು ಬೇರೆ ಮಾತು.

ಕಡಲತೀರಗಳಲ್ಲಿ ಮರಳು ಕಪ್ಪು ಇಲ್ಲವೆ ಬೂದು ಬಣ್ಣದ್ದಾಗಿದೆ. ಉತ್ತರದ ರಾಂಡೆವೂ ಬೇ ಮಾತ್ರ ಬಿಳಿಯ ಮರಳಿನ ತೀರವಾಗಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತಗಳ ಕಾಲ.

ಇತಿಹಾಸ

1493ರ ನವೆಂಬರ್ ತಿಂಗಳಿನಲ್ಲಿ ಕ್ರಿಸ್ಟೋಫರ್ ಕೊಲಂಬಸ್ ಈ ದ್ವೀಪದ ಪಕ್ಕದಲ್ಲಿ ಹಾದುಹೋಗುವಾಗ, ಸ್ಪೇನಿನ ಕ್ಯಾಟಲೋನಿಯಾದಲ್ಲಿರುವ ಮಾಂಟ್ಸೆರಾಟ್ ಮಠದ ಹೆಸರನ್ನು ಇದಕ್ಕಿಟ್ಟನು. ಸ್ಪೇನಿನವರು ಇಲ್ಲಿ ನೆಲೆಸಲಿಲ್ಲ. 1632ರಲ್ಲಿ ಇದು ಇಂಗ್ಲಿಷರ ವಶವಾಯಿತು. ಮೊದಲಿಗೆ ಬಂದು ನೆಲೆಸಿದ ಬಿಳಿಯರಲ್ಲಿ ಹೆಚ್ಚಿನವರು ನೆರೆಯ ಸೇಂಟ್ ಕಿಟ್ಸ್ ದ್ವೀಪದಲ್ಲಿದ್ದ ಐರಿಷ್ ಕ್ಯಾಥೊಲಿಕರು. ಇವರಲ್ಲಿ ಅನೇಕರು ಕರಾರಿನ ಮೇಲೆ ದುಡಿಯುವ ಆಳುಗಳಾಗಿದ್ದರು. ಸಕ್ಕರೆಯ ತೋಟಗಳು ಬೆಳೆದಂತೆ ಆಫ್ರಿಕಾದಿಂದ ಗುಲಾಮರನ್ನು ತರಲಾಯಿತು. ಕೆಲವೇ ದಶಕಗಳಲ್ಲಿ ಜನಸಂಖ್ಯೆಯ ಬಹುಪಾಲು ಅವರದೇ ಆಯಿತು. ಫ್ರೆಂಚರು ಕೆಲವು ಸಲ ದ್ವೀಪವನ್ನು ಆಕ್ರಮಿಸಿದರೂ 1783ರ ಒಪ್ಪಂದದಂತೆ ಅದು ಬ್ರಿಟನ್ನಿಗೆ ಮರಳಿತು.

1768ರ ಮಾರ್ಚ್ 17ರಂದು ಗುಲಾಮರು ಬಂಡಾಯವೇಳಲು ಗುಟ್ಟಾಗಿ ಸಿದ್ಧತೆ ನಡೆಸಿದ್ದರು. ಅಂದು ಐರಿಷರ ಸಂತ ಪ್ಯಾಟ್ರಿಕನ ಹಬ್ಬವಾದ ಕಾರಣ ಒಡೆಯರು ಕುಡಿದು ಮೈಮರೆತಿರುವರೆಂಬುದು ಅವರ ಲೆಕ್ಕವಾಗಿತ್ತು. ಸುದ್ದಿ ಮೊದಲೇ ಹೊರಬಿದ್ದು ಬಂಡಾಯ ವಿಫಲವಾಯಿತು, ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಒಬ್ಬನಾದ ಕಡ್ಜೋ ಎಂಬಾತನ ತಲೆಯನ್ನು ಕಡಿದು ಮರಕ್ಕೆ ತೂಗುಹಾಕಿದ್ದರೆಂದೂ ಆ ಕಾರಣದಿಂದಲೇ ಅಲ್ಲಿನ ಊರಿಗೆ ಕಡ್ಜೋ ಹೆಡ್ ಎಂಬ ಹೆಸರು ಬಂತೆಂದೂ ಪ್ರತೀತಿ ಇದೆ. 1985ರಿಂದ ಈ ದಿನವು ಸಾರ್ವಜನಿಕ ರಜಾದಿನವಾಗಿದೆ. ಒಂದೇ ದಿನಾಂಕದಲ್ಲಿ ಒಡೆಯರ ಹಬ್ಬವೂ ಆಳುಗಳ ಬಲಿದಾನವೂ ಸೇರಿಕೊಂಡಿರುವುದರಿಂದ ಹಸಿರು ಬಟ್ಟೆ ತೊಟ್ಟು ನಡೆಯುವ ಮೆರವಣಿಗೆಯನ್ನು ಐರ್ಲೆಂಡಿನ ಉತ್ಸವದ ನಕಲೆಂದು ಭಾವಿಸುವುದು ಸರಿಯಾಗಲಾರದು.

1834ರಲ್ಲಿ ಗುಲಾಮಗಿರಿ ರದ್ದಾಯಿತು. ಸಕ್ಕರೆಯ ಬೆಲೆ ಕುಸಿದ ಮೇಲೆ ಬರ್ಮಿಂಗ್‌ಹ್ಯಾಮಿನ ಸ್ಟರ್ಜ್ ಮನೆತನದವರು ಭೂಮಿ ಖರೀದಿಸಿ ನಿಂಬೆಯ ತೋಟಗಳನ್ನು ಎಬ್ಬಿಸಿದರು. ಮಾಂಟ್ಸೆರಾಟ್ ನಿಂಬೆರಸವು ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಹೆಸರು ಪಡೆಯಿತು. ಬಳಿಕ ಹತ್ತಿಯ ಬೇಸಾಯ ಬಂದಿತು. ಬೆಳೆ ಬದಲಾದರೂ ಭೂಮಿಯು ಕೆಲವೇ ಒಡೆಯರ ಕೈಯಲ್ಲಿ ಉಳಿದುದರಿಂದ ಯುವಕರು ದುಡಿಮೆಗಾಗಿ ಹೊರದೇಶಗಳಿಗೆ ಹೋಗುವ ರೂಢಿ ಬೆಳೆಯಿತು. 1946ರಲ್ಲಿ ಸುಮಾರು 14,000 ಇದ್ದ ಜನಸಂಖ್ಯೆಯು 1991ರ ಗಣತಿಯ ಹೊತ್ತಿಗೆ 10,600ರಷ್ಟಕ್ಕೆ ಇಳಿದಿತ್ತು. ಅಂದರೆ ಜ್ವಾಲಾಮುಖಿಗೂ ಮುಂಚೆಯೇ ಇದು ಊರು ಬಿಟ್ಟವರ ಹಣದಿಂದ ಅರ್ಧ ಬದುಕುತ್ತಿದ್ದ ಊರು ಎಂಬುದನ್ನು ಓದುಗರು ಗಮನದಲ್ಲಿರಿಸಿಕೊಳ್ಳಬೇಕು.

ಕಡತದಲ್ಲಿ ಉಳಿದ ವರದಿ

ಸೂಫ್ರಿಯೇರ್ ಹಿಲ್ಸ್‌ನಲ್ಲಿ 1897-98, 1933-37 ಮತ್ತು 1966-67ರಲ್ಲಿ, ಅಂದರೆ ಸರಿಸುಮಾರು ಮೂವತ್ತು ವರ್ಷಗಳಿಗೊಮ್ಮೆ, ಭೂಕಂಪನಗಳ ಸರಣಿ ಕಂಡುಬಂದಿತ್ತು. ಮೂರು ಸಲವೂ ಸ್ಫೋಟವಾಗಲಿಲ್ಲ. 1980ರ ದಶಕದಲ್ಲಿ ವ್ಯಾಡ್ಜ್ ಮತ್ತು ಐಸಾಕ್ಸ್ ಎಂಬ ಇಬ್ಬರು ವಿಜ್ಞಾನಿಗಳು ಅಧ್ಯಯನ ನಡೆಸಿ, ಈ ಜ್ವಾಲಾಮುಖಿಯು ಕೆರಳಿದಲ್ಲಿ ಪ್ಲಿಮತ್ ಪಟ್ಟಣವು ಅಪಾಯಕ್ಕೆ ಗುರಿಯಾಗುವುದೆಂದು 1987ರಲ್ಲಿ ವರದಿ ನೀಡಿದರು. ಈ ವರದಿಯು ಆಡಳಿತದ ಯೋಜನೆಗಳಲ್ಲಿ ಬಳಕೆಗೆ ಬರಲಿಲ್ಲ.

1989ರ ಸೆಪ್ಟೆಂಬರ್ 17ರಂದು ಹ್ಯೂಗೊ ಚಂಡಮಾರುತವು ಅಪ್ಪಳಿಸಿ ದ್ವೀಪದ ಕಟ್ಟಡಗಳಲ್ಲಿ ಶೇಕಡ 90ಕ್ಕೂ ಹೆಚ್ಚಿನವನ್ನು ಹಾನಿಗೊಳಿಸಿತು. ಪುನರ್ನಿರ್ಮಾಣಕ್ಕೆ ಹಣ ಬಂತು. ಹೊಸ ಆಸ್ಪತ್ರೆ, ಸರ್ಕಾರದ ಕೇಂದ್ರ ಕಚೇರಿ, ಗ್ರಂಥಾಲಯ ಇವೆಲ್ಲವನ್ನೂ ಪ್ಲಿಮತ್‌ನಲ್ಲಿಯೇ ಕಟ್ಟಲಾಯಿತು. ಎರಡು ವರ್ಷದ ಹಿಂದಿನ ವರದಿಯನ್ನು ಅಂದು ಯಾರಾದರೂ ತೆಗೆದು ನೋಡಿದ್ದಲ್ಲಿ ಈ ಕಟ್ಟಡಗಳಲ್ಲಿ ಕೆಲವಾದರೂ ಉತ್ತರದಲ್ಲಿ ಏಳುತ್ತಿದ್ದವು ಎನ್ನಬಹುದು. ಆರು ವರ್ಷಗಳಲ್ಲಿ ಅವೆಲ್ಲವೂ ನಿರುಪಯುಕ್ತವಾದವು.

ಜ್ವಾಲಾಮುಖಿಯ ಸ್ಫೋಟ

1995ರ ಜುಲೈ 18ರಂದು ಬೆಟ್ಟದಿಂದ ಉಗಿ ಮತ್ತು ಬೂದಿ ಹೊರಹೊಮ್ಮಿತು. ಆಗಸ್ಟ್ ತಿಂಗಳಿನಲ್ಲಿ ಬೂದಿಯ ಮೋಡವು ಹಗಲಿನಲ್ಲಿಯೇ ಪ್ಲಿಮತ್ ಪಟ್ಟಣವನ್ನು ಕತ್ತಲೆಗೆ ತಳ್ಳಿತು. ಜನರನ್ನು ಉತ್ತರಕ್ಕೆ ಸಾಗಿಸಲಾಯಿತು. ಕೆಲವು ವಾರಗಳ ನಂತರ ಹಿಂದಿರುಗಲು ಅನುಮತಿ ದೊರೆಯಿತು. ಡಿಸೆಂಬರಿನಲ್ಲಿ ಮತ್ತೆ ತೆರವು, ಹೊಸ ವರ್ಷದಲ್ಲಿ ಮತ್ತೆ ಮರಳುವಿಕೆ. 1996ರ ಏಪ್ರಿಲ್ 3ರಂದು ಮೂರನೆಯ ಸಲ ಪಟ್ಟಣವನ್ನು ತೆರವುಗೊಳಿಸಲಾಯಿತು. ಹಿಂದಿನ ಎರಡು ಸಲ ಹಿಂದಿರುಗಿದ್ದ ಕಾರಣ ಅನೇಕರು ಕೈಗೆ ಸಿಕ್ಕಷ್ಟು ಬಟ್ಟೆಬರೆಯೊಂದಿಗೆ ಹೊರಟರು. ಆ ಸಲ ಮರಳುವ ಆದೇಶ ಬರಲೇ ಇಲ್ಲ.

ಈ ಜ್ವಾಲಾಮುಖಿಯಿಂದ ಲಾವಾರಸವು ನದಿಯಂತೆ ಹರಿಯುವುದಿಲ್ಲ. ಗಟ್ಟಿಯಾದ ಲಾವಾ ಬಾಯಿಯಲ್ಲಿಯೇ ಗುಡ್ಡೆಯಾಗಿ ಏರುತ್ತದೆ. ಭಾರ ಹೆಚ್ಚಿ ಗುಡ್ಡೆ ಕುಸಿದಾಗ ಕಾದ ಅನಿಲ, ಬೂದಿ ಮತ್ತು ಬಂಡೆಗಳು ಒಂದಾಗಿ ಕಣಿವೆಗುಂಟ ಇಳಿಯುತ್ತವೆ. ವಿಜ್ಞಾನಿಗಳು ಇದನ್ನು ಪೈರೋಕ್ಲಾಸ್ಟಿಕ್ ಪ್ರವಾಹವೆಂದು ಕರೆಯುತ್ತಾರೆ. ಇದರ ವೇಗಕ್ಕೆ ಸಿಕ್ಕಿದ ಮನುಷ್ಯನು ಓಡಿ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ಮಳೆ ಬಂದಾಗ ಸಡಿಲವಾದ ಬೂದಿಯು ಕೆಸರಿನ ಹೊಳೆಯಾಗಿ ಹರಿದು ತಗ್ಗಿನ ಊರುಗಳನ್ನು ಮುಚ್ಚುತ್ತದೆ. ಪ್ಲಿಮತ್ ಪಟ್ಟಣಕ್ಕೆ ಎರಡೂ ಬಗೆಯ ಪೆಟ್ಟು ಬಿದ್ದಿತು. 1997ರ ಆಗಸ್ಟ್ ತಿಂಗಳಿನ ಪ್ರವಾಹಗಳು ಪಟ್ಟಣವನ್ನು ಸುಟ್ಟವು. ಮುಂದಿನ ವರ್ಷಗಳ ಕೆಸರು ಕಟ್ಟಡಗಳ ಕೆಳ ಅಂತಸ್ತುಗಳನ್ನು ಹೂಳಿತು.

1997ರ ಜೂನ್ 25ರ ಮಧ್ಯಾಹ್ನ ಗುಮ್ಮಟದ ಒಂದು ಭಾಗವು ಉತ್ತರ ದಿಕ್ಕಿಗೆ ಕುಸಿದು 19 ಜನ ಮೃತಪಟ್ಟರು. ಸ್ಟ್ರೆಥಮ್, ಫಾರಲ್ಸ್ ಮೊದಲಾದ ಹಳ್ಳಿಗಳು ಇಲ್ಲವಾದವು. ಪ್ರವಾಹವು ಬ್ರ್ಯಾಂಬಲ್ ವಿಮಾನ ನಿಲ್ದಾಣದ ಸಮೀಪಕ್ಕೆ ಬಂದು ನಿಂತಿತು. ಅಂದೇ ನಿಲ್ದಾಣವು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಸತ್ತವರಿದ್ದ ಸ್ಥಳವು ನಿಷೇಧಿತ ವಲಯವಾಗಿತ್ತು. ಆದರೂ ಅವರು ಅಲ್ಲಿಗೇಕೆ ಹೋಗಿದ್ದರು ಎಂಬ ಪ್ರಶ್ನೆಗೆ ಉತ್ತರ ಸರಳವಾದುದು. ದ್ವೀಪದ ಫಲವತ್ತಾದ ಹೊಲಗಳೆಲ್ಲ ಅಲ್ಲಿದ್ದವು. ಉತ್ತರದ ಒಣ ನೆಲದಲ್ಲಿ ಅವರಿಗೆ ಬೇಸಾಯಕ್ಕೆ ಭೂಮಿ ದೊರೆತಿರಲಿಲ್ಲ; ಆಶ್ರಯ ಕೇಂದ್ರಗಳಲ್ಲಿ ಇಕ್ಕಟ್ಟಿನಲ್ಲಿ ಬದುಕುವುದು ದುಸ್ತರವಾಗಿತ್ತು. ಬೆಳೆದು ನಿಂತ ತರಕಾರಿಯನ್ನು ಕಿತ್ತು ತರಲು, ದನಕರುಗಳನ್ನು ನೋಡಿಕೊಳ್ಳಲು ಹೋದವರೂ ಮನೆಯಲ್ಲಿಯೇ ಉಳಿದುಕೊಂಡವರೂ ಅವರಲ್ಲಿದ್ದರು. 1999ರಲ್ಲಿ ಮರಣ ವಿಚಾರಣೆಯ ಜ್ಯೂರಿಯು ಸುರಕ್ಷಿತ ಭಾಗದಲ್ಲಿ ಸಾಗುವಳಿಗೆ ಜಮೀನು ಒದಗಿಸದೆ ಇದ್ದುದು ಈ ಸಾವುಗಳಲ್ಲಿ ಕೆಲವಕ್ಕೆ ಕಾರಣಗಳಲ್ಲೊಂದು ಎಂದು ಅಭಿಪ್ರಾಯಪಟ್ಟಿತು. ನಿಷೇಧಾಜ್ಞೆ ಹೊರಡಿಸುವುದರೊಂದಿಗೆ ಆಡಳಿತದ ಕರ್ತವ್ಯ ಮುಗಿಯುವುದಿಲ್ಲ ಎಂಬುದನ್ನು ಈ ವಿಚಾರಣೆಯು ದಾಖಲೆಗೆ ತಂದಿದೆ.

1997ರ ಡಿಸೆಂಬರ್ 26ರಂದು ನೈಋತ್ಯದ ಬೆಟ್ಟದ ಗೋಡೆಯೇ ಕುಸಿದು, ಆಗಲೇ ತೆರವಾಗಿದ್ದ ಸೇಂಟ್ ಪ್ಯಾಟ್ರಿಕ್ಸ್ ಗ್ರಾಮವು ನಾಶವಾಯಿತು. 2003ರ ಜುಲೈ 12-13ರ ಕುಸಿತವು ಎಲ್ಲಕ್ಕಿಂತ ದೊಡ್ಡದು. 2010ರ ಫೆಬ್ರವರಿ 11ರ ಕುಸಿತದ ನಂತರ ಹೊಸ ಲಾವಾ ಹೊರಬಂದಿಲ್ಲ. ಆದರೂ ಅನಿಲ ಹೊರಬೀಳುವುದು ನಿಂತಿಲ್ಲವಾದ ಕಾರಣ ಜ್ವಾಲಾಮುಖಿಯು ಶಾಂತವಾಯಿತೆಂದು ವಿಜ್ಞಾನಿಗಳು ಘೋಷಿಸಿಲ್ಲ. ಮಾಂಟ್ಸೆರಾಟ್ ಜ್ವಾಲಾಮುಖಿ ವೀಕ್ಷಣಾಲಯವು ಹಗಲಿರುಳು ಬೆಟ್ಟವನ್ನು ಗಮನಿಸುತ್ತಿದ್ದು, ಅಪಾಯದ ಮಟ್ಟವನ್ನು ಒಂದರಿಂದ ಐದರವರೆಗಿನ ಅಂಕಿಯಲ್ಲಿ ಸೂಚಿಸುತ್ತದೆ. ಅದರಂತೆ ದಕ್ಷಿಣ ಭಾಗದ ಯಾವ ವಲಯಕ್ಕೆ ಯಾರು, ಯಾವ ಹೊತ್ತಿನಲ್ಲಿ ಹೋಗಬಹುದು ಎಂಬುದು ನಿರ್ಧಾರವಾಗುತ್ತದೆ. ಪ್ಲಿಮತ್ ಇರುವ ವಲಯಕ್ಕೆ ‘ವಿ’ ಎಂಬ ಅಕ್ಷರವನ್ನು ನೀಡಲಾಗಿದೆ.

ಪರಿಹಾರ, ವಲಸೆ ಮತ್ತು ಅಸಮಾಧಾನ

ಪಟ್ಟಣ ತೆರವಾದ ಮೇಲೆ ಚರ್ಚುಗಳು, ಶಾಲೆಗಳು ಮತ್ತು ಗುಡಾರಗಳು ಆಶ್ರಯ ಕೇಂದ್ರಗಳಾದವು. ಸೇಂಟ್ ಜಾನ್ಸ್ ಊರಿನ ಶಾಲೆಯ ಕಟ್ಟಡದಲ್ಲಿ ಆಸ್ಪತ್ರೆಯನ್ನು ತೆರೆಯಲಾಯಿತು. ಕೆಲವೇ ದಿನಗಳಿಗೆಂದು ಹೋದ ಕುಟುಂಬಗಳು ಈ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕಳೆದವು.

ಜವಾಬ್ದಾರಿಯ ಹಂಚಿಕೆಯಲ್ಲಿ ಗೊಂದಲವಿತ್ತು. ದ್ವೀಪದ ಚುನಾಯಿತ ಸರ್ಕಾರ, ಬ್ರಿಟನ್ ನೇಮಿಸಿದ ಗವರ್ನರ್, ಲಂಡನ್ನಿನ ವಿದೇಶಾಂಗ ಇಲಾಖೆ ಹಾಗೂ ಹಣ ಬಿಡುಗಡೆ ಮಾಡುವ ಅಭಿವೃದ್ಧಿ ಇಲಾಖೆ, ಹೀಗೆ ನಾಲ್ಕು ಕಡೆ ಕಡತ ಸುತ್ತಬೇಕಾಗಿತ್ತು. ಮನೆ ಕಟ್ಟುವ ಮಂಜೂರಾತಿ ದೊರೆಯುವಷ್ಟರಲ್ಲಿ ಮನೆ ಬೇಕಾದವರು ಹಡಗು ಹತ್ತಿಯಾಗಿರುತ್ತಿತ್ತು. ಬ್ರಿಟಿಷ್ ಸಂಸತ್ತಿನ ಅಂತರರಾಷ್ಟ್ರೀಯ ಅಭಿವೃದ್ಧಿ ಸಮಿತಿಯು 1997ರ ನವೆಂಬರಿನಲ್ಲಿ ನೀಡಿದ ವರದಿಯಲ್ಲಿ ಈ ವ್ಯವಸ್ಥೆಯನ್ನು ಟೀಕಿಸಿತು.

1997ರ ಆಗಸ್ಟ್‌ನಲ್ಲಿ ಸ್ವಇಚ್ಛೆಯಿಂದ ದ್ವೀಪ ತೊರೆಯುವವರಿಗಾಗಿ ಬ್ರಿಟನ್ ಒಂದು ಯೋಜನೆಯನ್ನು ಪ್ರಕಟಿಸಿತು. ನೆರೆಯ ದ್ವೀಪಗಳಿಗೆ ಹೋಗುವ ವಯಸ್ಕರಿಗೆ ತಲಾ 2,400 ಪೌಂಡುಗಳನ್ನು ಗೊತ್ತುಪಡಿಸಲಾಯಿತು. ಮನೆ, ಹೊಲ, ಅಂಗಡಿ ಎಲ್ಲವನ್ನೂ ಬಿಟ್ಟು ಹೋಗುವವರಿಗೆ ಈ ಮೊತ್ತವು ಅತ್ಯಲ್ಪವೆಂದು ಜನ ಬೀದಿಗಿಳಿದರು. ಮುಖ್ಯಮಂತ್ರಿ ಬರ್ಟ್ರಂಡ್ ಆಸ್ಬೋರ್ನ್ ರಾಜೀನಾಮೆ ನೀಡಿದರು. ಅದೇ ಸಮಯದಲ್ಲಿ ಬ್ರಿಟನ್ನಿನ ಅಭಿವೃದ್ಧಿ ಸಚಿವೆ ಕ್ಲೇರ್ ಶಾರ್ಟ್ ಅವರು ದ್ವೀಪದವರು ಮುಂದೆ ಚಿನ್ನದ ಆನೆಗಳನ್ನು ಕೇಳಬಹುದು ಎಂಬರ್ಥದ ಮಾತನ್ನಾಡಿದ್ದು ಬಹಳ ನೋವನ್ನುಂಟುಮಾಡಿತು.

ಲೆಕ್ಕಪತ್ರದ ದೃಷ್ಟಿಯಿಂದ ಇನ್ನೊಂದು ಅಂಶವನ್ನು ಇಲ್ಲಿ ಹೇಳಬೇಕಾಗಿದೆ. ಹ್ಯೂಗೊ ಚಂಡಮಾರುತದ ನಂತರ ಅನೇಕರು ಅಡಮಾನ ಸಾಲ ಪಡೆದು ಮನೆಗಳನ್ನು ಮತ್ತೆ ಕಟ್ಟಿಸಿದ್ದರು. ಮನೆ ಬೂದಿಯಡಿ ಸೇರಿದರೂ ಸಾಲದ ಪುಸ್ತಕದಲ್ಲಿ ಬಾಕಿ ಹಾಗೆಯೇ ಉಳಿಯಿತು. 1997ರಲ್ಲಿ ವಿಮಾ ಕಂಪನಿಗಳು ದ್ವೀಪದಿಂದ ಹಿಂದೆ ಸರಿದವು. ಆಸ್ತಿಯ ಮೌಲ್ಯ ಸೊನ್ನೆಯಾಗಿ ಹೊಣೆ ಮಾತ್ರ ಉಳಿದ ಈ ಸ್ಥಿತಿಯು ಜನರು ಪರದೇಶಗಳಿಗೆ ಹೋದ ಮೇಲೂ ಅವರ ಬೆನ್ನು ಬಿಡಲಿಲ್ಲ. ಕಾಗದದ ಮೇಲೆ ಅವರು ಇಂದಿಗೂ ನಿಷೇಧಿತ ವಲಯದ ನಿವೇಶನಗಳ ಮಾಲೀಕರೇ.

ಮೂರನೇ ಎರಡರಷ್ಟು ಜನ ಆಂಟಿಗುವಾ, ಬ್ರಿಟನ್ ಮತ್ತು ಅಮೆರಿಕಕ್ಕೆ ತೆರಳಿದರು. 1998ರಲ್ಲಿ ಅವರಿಗೆ ಬ್ರಿಟನ್ನಿನಲ್ಲಿ ಖಾಯಂ ನೆಲೆಸುವ ಹಕ್ಕು ದೊರೆಯಿತು. 2002ರ ಮೇ ತಿಂಗಳಿನಿಂದ ಪೂರ್ಣ ಬ್ರಿಟಿಷ್ ಪೌರತ್ವವೂ ದೊರೆಯಿತು. ಅಮೆರಿಕದ ಕಥೆ ಬೇರೆ. ಅಲ್ಲಿನ ಸರ್ಕಾರವು 1997ರಲ್ಲಿ ತಾತ್ಕಾಲಿಕ ರಕ್ಷಣೆಯ ಸ್ಥಾನಮಾನ ನೀಡಿ, 2005ರ ಫೆಬ್ರವರಿ 27ರಿಂದ ಅದನ್ನು ಹಿಂತೆಗೆದುಕೊಂಡಿತು. ಅಪಾಯ ಮುಗಿಯಿತೆಂಬ ಕಾರಣಕ್ಕೆ ಹಿಂತೆಗೆಯಲಿಲ್ಲ. ಜ್ವಾಲಾಮುಖಿಯ ಚಟುವಟಿಕೆಯು ಬಹುಕಾಲ ಮುಂದುವರಿಯುವ ಸಂಭವವಿರುವುದರಿಂದ ಅದನ್ನು ತಾತ್ಕಾಲಿಕವೆಂದು ಪರಿಗಣಿಸಲಾಗದು ಎಂಬುದು ಕೊಟ್ಟ ಕಾರಣ. ನಿಯಮದ ಅಕ್ಷರಕ್ಕೆ ಇದು ಸರಿ. ಅದಕ್ಕೆ ಒಳಗಾದ ಸುಮಾರು ಮುನ್ನೂರು ಜನರಿಗೆ ಹೇಗೆ ಕಂಡಿರಬಹುದೆಂಬುದನ್ನು ಊಹಿಸಬಹುದಾಗಿದೆ.

ಆಡಳಿತ ವ್ಯವಸ್ಥೆ

ಮಾಂಟ್ಸೆರಾಟ್ ಬ್ರಿಟಿಷ್ ಸಾಗರೋತ್ತರ ಪ್ರದೇಶಗಳಲ್ಲಿ ಒಂದು. ರಾಷ್ಟ್ರದ ಮುಖ್ಯಸ್ಥರು ಬ್ರಿಟನ್ನಿನ ದೊರೆ. ಅವರ ಪ್ರತಿನಿಧಿಯಾಗಿ ಗವರ್ನರ್ ಇರುತ್ತಾರೆ. 1871ರಿಂದ ಇದು ಲೀವರ್ಡ್ ದ್ವೀಪಗಳ ಸಂಯುಕ್ತ ವಸಾಹತಿನ ಭಾಗವಾಗಿತ್ತು. 1958ರಿಂದ 1962ರವರೆಗೆ ವೆಸ್ಟ್ ಇಂಡೀಸ್ ಒಕ್ಕೂಟದಲ್ಲಿತ್ತು. ಒಕ್ಕೂಟ ಮುರಿದ ಮೇಲೆ ನೆರೆಯ ದ್ವೀಪಗಳು ಒಂದೊಂದಾಗಿ ಸ್ವತಂತ್ರವಾದರೂ ಇದು ಬ್ರಿಟನ್ನಿನೊಡನೆ ಉಳಿಯಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಇದು ಸ್ವಯಮಾಡಳಿತ ಹೊಂದಿರದ ಪ್ರದೇಶವೆಂದು ನಮೂದಾಗಿದೆ.

ವಯಸ್ಕ ಮತದಾನವು 1951ರಲ್ಲಿ ಜಾರಿಗೆ ಬಂದಿತು. 1960ರಲ್ಲಿ ಮುಖ್ಯಮಂತ್ರಿ ಹುದ್ದೆಯನ್ನು ಸೃಜಿಸಲಾಯಿತು. ಕಾರ್ಮಿಕ ಸಂಘದ ನಾಯಕರಾಗಿದ್ದ ವಿಲಿಯಂ ಹೆನ್ರಿ ಬ್ರ್ಯಾಂಬಲ್ ಮೊದಲ ಮುಖ್ಯಮಂತ್ರಿ. 1980ರ ದಶಕದಲ್ಲಿ ದ್ವೀಪದಲ್ಲಿ ಮುನ್ನೂರಕ್ಕೂ ಹೆಚ್ಚು ವಿದೇಶಿ ಬ್ಯಾಂಕುಗಳು ನೋಂದಣಿಯಾಗಿದ್ದವು. ಇವುಗಳಲ್ಲಿ ಬಹುತೇಕಕ್ಕೆ ಹೆಸರುಫಲಕದ ಹೊರತು ಬೇರೇನೂ ಇರಲಿಲ್ಲ. ಅಕ್ರಮಗಳು ಬೆಳಕಿಗೆ ಬಂದು 1989ರಲ್ಲಿ ತನಿಖೆ ನಡೆಯಿತು, ಹೆಚ್ಚಿನವು ರದ್ದಾದವು ಹಾಗೂ ಅಂತರರಾಷ್ಟ್ರೀಯ ಹಣಕಾಸು ಸೇವೆಯ ವಿಷಯವನ್ನು ಗವರ್ನರ್ ಅಧಿಕಾರಕ್ಕೆ ಒಪ್ಪಿಸಲಾಯಿತು.

ಜ್ವಾಲಾಮುಖಿಯು ಚುನಾವಣಾ ಪದ್ಧತಿಯನ್ನೇ ಬದಲಾಯಿಸಿತು. ಮುಂಚೆ ಏಳು ಕ್ಷೇತ್ರಗಳಿದ್ದು ಪ್ರತಿಯೊಂದರಿಂದ ಒಬ್ಬ ಸದಸ್ಯ ಆಯ್ಕೆಯಾಗುತ್ತಿದ್ದರು. ದಕ್ಷಿಣದ ಕ್ಷೇತ್ರಗಳಲ್ಲಿ ಮತದಾರರೇ ಇಲ್ಲದ ಮೇಲೆ ಹಳೆಯ ಗಡಿಗಳಿಗೆ ಅರ್ಥ ಉಳಿಯಲಿಲ್ಲ. 2001ರ ಚುನಾವಣೆಯಿಂದ ಇಡೀ ದ್ವೀಪವು ಒಂದೇ ಕ್ಷೇತ್ರವಾಗಿದ್ದು ಒಂಬತ್ತು ಸ್ಥಾನಗಳಿವೆ. ಪ್ರತಿ ಮತದಾರನು ಒಂಬತ್ತು ಅಭ್ಯರ್ಥಿಗಳವರೆಗೆ ಮತ ನೀಡಬಹುದು. ಗೆಲ್ಲಲು ಕನಿಷ್ಠ ಶೇಕಡ 6ರಷ್ಟು ಮತ ಬೇಕು. ಇದರಿಂದ ಯಾವ ಊರಿಗೂ ತನ್ನದೇ ಆದ ಪ್ರತಿನಿಧಿ ಇಲ್ಲವೆಂಬ ಕೊರತೆ ಇದೆ. ಆದರೆ ಊರು ಕಳೆದುಕೊಂಡವರನ್ನೂ ಊರಿದ್ದವರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಲು ಬೇರೆ ಸುಲಭ ಮಾರ್ಗವಿರಲಿಲ್ಲ.

ಈಗಿನ ಸಂವಿಧಾನವು 2010ರ ಆದೇಶದ ಮೂಲಕ ರೂಪುಗೊಂಡು 2011ರ ಸೆಪ್ಟೆಂಬರ್ 27ರಿಂದ ಜಾರಿಯಲ್ಲಿದೆ. ಇದರಂತೆ ಮುಖ್ಯಮಂತ್ರಿ ಹುದ್ದೆಯು ಪ್ರೀಮಿಯರ್ ಎಂದು ಮಾರ್ಪಟ್ಟಿತು. ಶಾಸನ ಸಭೆಯಲ್ಲಿ ಒಂಬತ್ತು ಚುನಾಯಿತ ಸದಸ್ಯರಲ್ಲದೆ ಅಟಾರ್ನಿ ಜನರಲ್ ಮತ್ತು ಹಣಕಾಸು ಕಾರ್ಯದರ್ಶಿಗಳು ಪದನಿಮಿತ್ತ ಸದಸ್ಯರು. ಪ್ರೀಮಿಯರ್ ಮತ್ತು ಮೂವರು ಸಚಿವರು ಸಂಪುಟದಲ್ಲಿರುತ್ತಾರೆ. ರಕ್ಷಣೆ, ವಿದೇಶಾಂಗ ಹಾಗೂ ಆಂತರಿಕ ಭದ್ರತೆಯ ವಿಷಯಗಳು ಗವರ್ನರ್ ಅವರಲ್ಲಿ ಉಳಿದಿವೆ. ರೂಬೆನ್ ಮೀಡ್ ಅವರು ಮೊದಲ ಪ್ರೀಮಿಯರ್ ಆಗಿದ್ದು, 2024ರ ಅಕ್ಟೋಬರ್ ಚುನಾವಣೆಯ ನಂತರ ಮತ್ತೆ ಆ ಹುದ್ದೆಗೇರಿದರು. 1995ರಲ್ಲಿ ಜ್ವಾಲಾಮುಖಿಯು ಎದ್ದಾಗ ಮುಖ್ಯಮಂತ್ರಿಯಾಗಿದ್ದವರೂ ಇವರೇ.

ನ್ಯಾಯಾಂಗವು ಪೂರ್ವ ಕೆರಿಬಿಯನ್ ಸರ್ವೋಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದು ಅಂತಿಮ ಮೇಲ್ಮನವಿಯು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತದೆ. ಕೆರಿಬಿಯನ್ ಸಮುದಾಯದಲ್ಲಿ (ಕ್ಯಾರಿಕಾಮ್) ಪೂರ್ಣ ಸದಸ್ಯತ್ವ ಹೊಂದಿರುವ ಏಕೈಕ ಬ್ರಿಟಿಷ್ ಸಾಗರೋತ್ತರ ಪ್ರದೇಶವೆಂಬ ಹೆಗ್ಗಳಿಕೆ ಮಾಂಟ್ಸೆರಾಟ್‌ಗಿದೆ.

ಹಣಕಾಸು

ನಾಣ್ಯವು ಪೂರ್ವ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70ರ ದರದಲ್ಲಿ ಇದನ್ನು ಸ್ಥಿರಗೊಳಿಸಲಾಗಿದೆ. 1995ಕ್ಕೆ ಮುಂಚೆ ದ್ವೀಪದ ಸರ್ಕಾರವು ತನ್ನ ದಿನನಿತ್ಯದ ವೆಚ್ಚವನ್ನು ತನ್ನ ತೆರಿಗೆಗಳಿಂದಲೇ ಭರಿಸುತ್ತಿತ್ತು. ಈಗ ರಾಜಸ್ವ ವೆಚ್ಚದ ಅರ್ಧಕ್ಕಿಂತ ಹೆಚ್ಚು ಮೊತ್ತ ಬ್ರಿಟನ್ನಿನ ಅನುದಾನದಿಂದ ಬರುತ್ತದೆ. ಸಂವಿಧಾನದಲ್ಲಿ ಅಧಿಕಾರ ಹೆಚ್ಚಿದರೂ ಆಯವ್ಯಯಕ್ಕೆ ಲಂಡನ್ನಿನ ಒಪ್ಪಿಗೆಯ ಅವಶ್ಯಕತೆ ತಪ್ಪಿಲ್ಲ. ಸ್ವಯಮಾಡಳಿತದ ನಿಜವಾದ ಅಳತೆ ಇಲ್ಲಿಯೇ ಇರುವುದೆನ್ನಬೇಕು.

ಬೆಟ್ಟವು ಕಿತ್ತುಕೊಂಡುದರಲ್ಲಿ ಸ್ವಲ್ಪವನ್ನು ಮರಳಿ ನೀಡುತ್ತಿದೆ. ಕಣಿವೆಗಳಲ್ಲಿ ಬಿದ್ದಿರುವ ಜ್ವಾಲಾಮುಖಿಯ ಮರಳನ್ನು ಕಟ್ಟಡ ಕಾಮಗಾರಿಗಾಗಿ ನೆರೆಯ ದ್ವೀಪಗಳಿಗೆ ರಫ್ತು ಮಾಡಲಾಗುತ್ತಿದೆ. ಇದನ್ನು ಹಡಗಿಗೇರಿಸಲು ಪ್ಲಿಮತ್‌ನ ಹಳೆಯ ಹಡಗುಕಟ್ಟೆಯೇ ಬಳಕೆಯಾಗಿದೆ. ಭೂಮಿಯ ಶಾಖದಿಂದ ವಿದ್ಯುತ್ ಪಡೆಯುವ ಉದ್ದೇಶದಿಂದ 2013ರಲ್ಲಿ ಎರಡು ಬಾವಿಗಳನ್ನು ಕೊರೆಯಲಾಯಿತು.

ಜನರು ಮತ್ತು ಸಂಸ್ಕೃತಿ

2001ರ ಗಣತಿಯಲ್ಲಿ ಸುಮಾರು 4,500 ಜನರಿದ್ದರು. 2011ರಲ್ಲಿ ಈ ಸಂಖ್ಯೆ 4,900ಕ್ಕೆ ಏರಿ, 2023ರಲ್ಲಿ ಸುಮಾರು 4,400ಕ್ಕೆ ಇಳಿದಿದೆ. ಬಹುಪಾಲು ಜನ ಆಫ್ರಿಕನ್ ಮೂಲದವರು. ಅವರಲ್ಲಿ ರೈಲಿ, ರಯಾನ್, ಫಾರಲ್, ಸ್ವೀನಿ ಮುಂತಾದ ಐರಿಷ್ ಮನೆಹೆಸರುಗಳು ಸಾಮಾನ್ಯ. ಊರು ಕಟ್ಟುವ ಕೆಲಸಕ್ಕೆ ಗಯಾನಾ, ಜಮೈಕಾ, ಡೊಮಿನಿಕಾ ಮುಂತಾದೆಡೆಗಳಿಂದ ಬಂದು ನೆಲೆಸಿದವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಇಂಗ್ಲಿಷ್ ಆಡಳಿತ ಭಾಷೆ. ಮನೆಯ ಮಾತು ಅದರ ಕ್ರಿಯೋಲ್ ರೂಪ. ಕ್ರೈಸ್ತ ಧರ್ಮದ ವಿವಿಧ ಪಂಗಡಗಳಿವೆ. ಪಾಸ್‌ಪೋರ್ಟಿನ ಮೇಲೆ ಒತ್ತುವ ಮುದ್ರೆಯು ಐರ್ಲೆಂಡಿನ ಮೂರೆಲೆಯ ಗಿಡದ ಆಕಾರದಲ್ಲಿರುತ್ತದೆ. ಆಡಿನ ಮಾಂಸದ ಸಾರು ರಾಷ್ಟ್ರೀಯ ಖಾದ್ಯವೆನಿಸಿದೆ.

ಬೀಟಲ್ಸ್ ತಂಡದ ಧ್ವನಿಮುದ್ರಣ ನಿರ್ಮಾಪಕರಾಗಿದ್ದ ಜಾರ್ಜ್ ಮಾರ್ಟಿನ್ ಅವರು 1979ರಲ್ಲಿ ಇಲ್ಲಿ ಏರ್ ಸ್ಟುಡಿಯೋಸ್ ಸ್ಥಾಪಿಸಿದ್ದರು. ಹ್ಯೂಗೊ ಚಂಡಮಾರುತದ ನಂತರ ಅದು ಮುಚ್ಚಿತು. ಅವರ ಪ್ರಯತ್ನದಿಂದ ಲಂಡನ್ನಿನಲ್ಲಿ 1997ರ ಸೆಪ್ಟೆಂಬರಿನಲ್ಲಿ ಸಹಾಯಾರ್ಥ ಸಂಗೀತ ಕಾರ್ಯಕ್ರಮ ನಡೆಯಿತು. ಲಿಟಲ್ ಬೇ ಎಂಬಲ್ಲಿ ಸಾಂಸ್ಕೃತಿಕ ಭವನವೂ ಎದ್ದಿತು. ‘ಆ್ಯರೋ’ ಎಂದು ಪ್ರಸಿದ್ಧರಾದ ಗಾಯಕ ಆಲ್ಫಾನ್ಸಸ್ ಕ್ಯಾಸೆಲ್ ಈ ದ್ವೀಪದವರು. ಲಯನಲ್ ಬೇಕರ್ 2008ರಲ್ಲಿ ವೆಸ್ಟ್ ಇಂಡೀಸ್ ಪರವಾಗಿ ಟೆಸ್ಟ್ ಕ್ರಿಕೆಟ್ ಆಡಿದ ಮೊದಲ ಮಾಂಟ್ಸೆರಾಟ್ ಆಟಗಾರ. 2002ರ ಜೂನ್ 30ರಂದು, ವಿಶ್ವಕಪ್ ಫುಟ್‌ಬಾಲ್ ಅಂತಿಮ ಪಂದ್ಯದ ದಿನದಂದೇ, ಜಗತ್ತಿನ ಕ್ರಮಪಟ್ಟಿಯ ಕೊನೆಯ ಎರಡು ತಂಡಗಳಾದ ಭೂತಾನ್ ಮತ್ತು ಮಾಂಟ್ಸೆರಾಟ್ ಥಿಂಪುವಿನಲ್ಲಿ ಆಡಿದವು. ಭೂತಾನ್ 4-0 ಗೋಲುಗಳಿಂದ ಗೆದ್ದಿತು.

ಹಳದಿ ಹೊಟ್ಟೆಯ ಮಾಂಟ್ಸೆರಾಟ್ ಓರಿಯೋಲ್ ಎಂಬ ಹಕ್ಕಿಯು ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲ. ಅದರ ಕಾಡಿನ ದೊಡ್ಡ ಭಾಗವು ಸುಟ್ಟುಹೋಗಿದ್ದು ಸೆಂಟರ್ ಹಿಲ್ಸ್ ಈಗ ಅದರ ಮುಖ್ಯ ಆಸರೆಯಾಗಿದೆ. ‘ಬೆಟ್ಟದ ಕೋಳಿ’ ಎಂದು ಜನ ಕರೆಯುವುದು ಒಂದು ದೊಡ್ಡ ಕಪ್ಪೆಯನ್ನು. 2009ರಲ್ಲಿ ಕಂಡುಬಂದ ಶಿಲೀಂಧ್ರ ರೋಗದಿಂದ ಅದು ದ್ವೀಪದಲ್ಲಿ ಬಹುಪಾಲು ಅಳಿದಿದೆ.

ಸಂಪರ್ಕ ಮತ್ತು ಪ್ರವೇಶ

ಬ್ರ್ಯಾಂಬಲ್ ನಿಲ್ದಾಣ ಮುಚ್ಚಿದ ಮೇಲೆ ಎಂಟು ವರ್ಷಗಳ ಕಾಲ ಆಂಟಿಗುವಾದಿಂದ ಹಡಗು ಮತ್ತು ಹೆಲಿಕಾಪ್ಟರ್ ಮಾತ್ರ ಆಧಾರವಾಗಿದ್ದವು. ಜೆರಾಲ್ಡ್ಸ್ ಎಂಬಲ್ಲಿ ಬೆಟ್ಟವನ್ನು ಸಮತಟ್ಟು ಮಾಡಿ ನಿರ್ಮಿಸಿದ ಹೊಸ ನಿಲ್ದಾಣವು 2005ರಲ್ಲಿ ಕಾರ್ಯಾರಂಭ ಮಾಡಿತು. 2008ರಲ್ಲಿ ಅದಕ್ಕೆ ಮಾಜಿ ಮುಖ್ಯಮಂತ್ರಿ ಜಾನ್ ಆಸ್ಬೋರ್ನ್ ಅವರ ಹೆಸರನ್ನಿಡಲಾಯಿತು. ಓಡುದಾರಿ ಸುಮಾರು 600 ಮೀಟರ್ ಮಾತ್ರ ಇರುವುದರಿಂದ ಸಣ್ಣ ವಿಮಾನಗಳಷ್ಟೇ ಇಳಿಯಬಲ್ಲವು. ಗಾಳಿ, ಮೋಡ ಹೆಚ್ಚಿದ ದಿನ ಅವೂ ಇಳಿಯುವುದಿಲ್ಲ. ಲಿಟಲ್ ಬೇಯಲ್ಲಿ ಹೊಸ ಪಟ್ಟಣ ಮತ್ತು ಬಂದರನ್ನು ಬೆಳೆಸುವ ಯೋಜನೆಯು ಬಹು ವರ್ಷಗಳಿಂದ ಹಂತ ಹಂತವಾಗಿ ಸಾಗಿದೆ.

ಪ್ಲಿಮತ್ ಪಟ್ಟಣವನ್ನು ನೋಡಬಯಸುವವರು ಪರವಾನಗಿ ಪಡೆದ ಮಾರ್ಗದರ್ಶಿಯೊಂದಿಗೆ, ಅಧಿಕಾರಿಗಳ ಅನುಮತಿ ಪಡೆದು, ಹಗಲಿನಲ್ಲಿ ಮಾತ್ರ ಹೋಗಬಹುದು. ಬೆಟ್ಟದ ಚಟುವಟಿಕೆ ಹೆಚ್ಚಿದಲ್ಲಿ ಅನುಮತಿಯನ್ನು ಮುನ್ಸೂಚನೆಯಿಲ್ಲದೆ ರದ್ದುಪಡಿಸಲಾಗುತ್ತದೆ. ಅಲ್ಲಿ ಮನೆಯಿದ್ದವರಿಗೂ ಇದೇ ನಿಯಮ ಅನ್ವಯಿಸುತ್ತದೆ.